ಎಡಕ್ಕೆ ತಿರುಗಿದರೆ ಆರುವ ದೀಪ

"ಕೇಳಿರಿ, ಹಾಲಗಿರಿ ಸೀಮೆಯ ಸಮಸ್ತ ಪ್ರಜೆಗಳೇ! ಇದು ದೊರೆ ವೀರಪ್ಪನಾಯಕರ ಅಪ್ಪಣೆ. ರಾಜಕುಮಾರಿ ನೀಲಾಜಮ್ಮಣ್ಣಿಯವರ ಮೋಟರ್‌ಸೈಕಲ್ಲಿನ ಹೆಡ್‌ಲೈಟು ಮೂರು ಬಗೆಯಲ್ಲಿ ಕೈಕೊಡುತ್ತಿದೆ. ಅದನ್ನೇ ಅವರು ಮೂರು ಒಗಟಾಗಿ ಕೇಳುತ್ತಾರೆ. ಬಿಡಿಸಿದವನಿಗೆ ಅಮ್ಮಣ್ಣಿಯವರನ್ನು ಧಾರೆ ಎರೆದು ಅರ್ಧ ಸೀಮೆ ಕೊಡಲಾಗುವುದು. ಅರಮನೆಯ ಅಂಗಳದಲ್ಲಿ ಬಾಯಿ ತೆರೆದು ತಪ್ಪಿದವನಿಗೆ ತಲೆದಂಡ!"

ಡಂಗುರ ಹೊಡೆಸುವುದಕ್ಕೆ ಕಾರಣವಿತ್ತು. ಕಣಿವೆ ದಾರಿಯ ಎಡತಿರುವಿನಲ್ಲಿ ದೀಪ ಆರಿಹೋಗಿ ರಾಜಕುಮಾರಿ ಬಂಡೆಗೆ ಗುದ್ದಿದ್ದಳು. ಮುರಿದ ಕೈಗೆ ಇನ್ನೂ ಪಟ್ಟಿ ಕಟ್ಟಿತ್ತು. ಅರಮನೆಯವರು ಬಲ್ಬ್ ಬದಲಾಯಿಸಿ ಸೋತಿದ್ದರು. ಒಗಟಿನ ಉತ್ತರ ಕೇಳುವವಳಿಗೂ ಗೊತ್ತಿರಲಿಲ್ಲ. ಸರಿ ತಪ್ಪು ಹೇಳಬೇಕಾದದ್ದು ದೀಪವೇ.

ಸಂಜೆಗತ್ತಲಲ್ಲಿ ಸಭೆ ಸೇರಿತು. ಎಂಜಿನ್ ಶುರು ಮಾಡಿ ದೀಪ ಹಾಕಿದ್ದ ಗಾಡಿಯ ಪಕ್ಕದಲ್ಲಿ ದೀವಟಿಗೆ ಹಿಡಿದು ನಿಂತವನು ಓಬಳ. ರಾಜಕುಮಾರಿಯ ಗಾಡಿಯ ಮುಂದೆ ದೀವಟಿಗೆ ಹಿಡಿದು ಓಡುವುದು ಇತ್ತೀಚೆಗೆ ಅವನ ಪಾಲಿಗೆ ಬಂದ ಕೆಲಸ.

ನೀಲಾಜಮ್ಮಣ್ಣಿ ಕೇಳಿದಳು: "ನೆಟ್ಟಗೆ ನಡೆದರೆ ಕಣ್ಣುಂಟು, ಎಡಕ್ಕೆ ತಿರುಗಿದರೆ ಕುರುಡು. ಗಾಯ ಎಲ್ಲಿದೆ?"

ನೆರೆಸೀಮೆಯ ಪಾಳೆಯಗಾರನ ಮಗ ಮೀಸೆ ತಿರುವಿ, "ಬಲ್ಬ್ ಸಡಿಲ" ಎಂದ. ಬಿಗಿ ಮಾಡಿದರು. ಹ್ಯಾಂಡಲ್ ಎಡಕ್ಕೆ ಹೊರಳಿತು, ಕತ್ತಲಾಯಿತು. ಅವನನ್ನು ಸೆರೆಮನೆಗೆ ಒಯ್ದರು. ರೇಷ್ಮೆ ವ್ಯಾಪಾರಿಯ ಮಗ, "ಸ್ವಿಚ್ ಕೆಟ್ಟಿದೆ" ಎಂದ. ಹೊಸ ಸ್ವಿಚ್ ಹಾಕಿದರು. ಮತ್ತೆ ಕತ್ತಲೆ. ಅವನು ಅಳುತ್ತಲೇ ಒಳಗೆ ಹೋದ.

ಓಬಳನಿಗೆ ತಲೆಬುಡ ತಿಳಿಯಲಿಲ್ಲ. ತನಗೆ ತಾನೇ ಗೊಣಗಿಕೊಂಡ: "ತಿರುಗುವಾಗ ಏನೇನು ತಿರುಗುತ್ತೆ?"

ಅಂಗಳದಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು.

"ಬಾಯಿ ತೆರೆದೆ," ಎಂದರು ದೊರೆ. "ಇನ್ನು ನೀನೂ ಒಬ್ಬ ಸ್ಪರ್ಧಿ. ಉತ್ತರ ಹೇಳು."

"ಬುದ್ಧಿ, ನಾನು ಸುಮ್ಮನೆ..." ಓಬಳ ಹಿಂದೆ ಸರಿದ. ದೀವಟಿಗೆಯನ್ನು ಯಾರೋ ಕಸಿದುಕೊಂಡರು. "ಒಂದು ಸಲ ಮುಟ್ಟಿ ನೋಡಬಹುದಾ, ಬುದ್ಧಿ?"

"ಮುಟ್ಟಬಾರದೆಂದು ಯಾರೂ ಹೇಳಿಲ್ಲ," ಎಂದಳು ರಾಜಕುಮಾರಿ.

ಅವನು ಹ್ಯಾಂಡಲ್ ತಿರುಗಿಸಿದ, ಮತ್ತೆ ತಿರುಗಿಸಿದ. ದೀಪ ತಿರುಗುತ್ತಿತ್ತು, ಗಾಡಿಯ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿ, ತಿರುಗುತ್ತಿರಲಿಲ್ಲ. ನಡುವೆ ವೈರುಗಳ ಕಟ್ಟೊಂದು ಪ್ರತಿ ಸಲವೂ ಒಂದೇ ಕಡೆ ಮಡಚುತ್ತಿತ್ತು. ಅಲ್ಲಿ ಬೆರಳಿಟ್ಟು ಒತ್ತಿದ. ದೀಪ ಮಿಣುಕಿತು.

"ಇಲ್ಲಿ, ಕತ್ತಿನಲ್ಲಿ," ಎಂದ ಅನುಮಾನದಿಂದಲೇ. ಮೇಲಿನ ಹೊದಿಕೆ ಸರಿಯಾಗಿಯೇ ಇತ್ತು. ಸೀಳಿದರೆ ಒಳಗಿನ ತಂತಿ ತುಂಡಾಗಿತ್ತು. ಹೊಸೆದು ಟೇಪು ಸುತ್ತಿದರು. ಹ್ಯಾಂಡಲ್ ಎಡಕ್ಕೆ ಹೊರಳಿದರೂ ಬೆಳಕು ಆರಲಿಲ್ಲ.

"ಎರಡನೆಯದು," ಎಂದಳು ರಾಜಕುಮಾರಿ, ಪೀಠದಿಂದ ಎದ್ದು ಹತ್ತಿರ ಬಂದು. "ಓಡಿದರೆ ಹೊಳೆಯುತ್ತದೆ, ನಿಂತರೆ ಸೊರಗುತ್ತದೆ. ಹಸಿದಿರುವುದು ಯಾರ ಹೊಟ್ಟೆ?"

ದೀಪದ್ದೇ ಇರಬೇಕು ಎಂದು ಬಾಯಿಗೆ ಬಂದದ್ದನ್ನು ಓಬಳ ನುಂಗಿಕೊಂಡ. ದೀಪ ಉಣ್ಣುತ್ತೆ, ಸರಿ. ಬಡಿಸುವವರು ಯಾರು? "ಎಂಜಿನ್ ಪೂರ್ತಿ ನಿಲ್ಲಿಸಿದರೆ ಏನಾಗುತ್ತೆ, ಅಮ್ಮಣ್ಣಿ?"

ನಿಲ್ಲಿಸಿದರು. ದೀಪ ಕೆಂಡದಷ್ಟಾಯಿತು. ಹಾರ್ನ್ ಒತ್ತಿದರೆ ನೆಗಡಿ ಹಿಡಿದವರ ದನಿ.

"ಹಾಗಾದರೆ ಇಷ್ಟು ಹೊತ್ತು ಬಡಿಸುತ್ತಿದ್ದದ್ದು ಎಂಜಿನ್ನೇ. ಹಸಿದದ್ದು ಬ್ಯಾಟರಿ... ಅಂತ ಕಾಣುತ್ತೆ."

"ಬ್ಯಾಟರಿ ಸತ್ತಿದ್ದರೆ ಗಾಡಿ ಹೇಗೆ ಶುರುವಾಯಿತೋ?" ಎಂದು ದೊರೆ ಗದರಿದರು.

"ನಾನು ಯಾವಾಗಲೂ ಕಿಕ್ ಹೊಡೆದೇ ಶುರು ಮಾಡುವುದು, ಅಪ್ಪಾಜಿ," ಎಂದಳು ಮಗಳು.

ಬೇರೆ ಬ್ಯಾಟರಿ ತಂದು ಹಾಕಿದರು. ಗಾಡಿ ನಿಂತಲ್ಲೇ ನಿಂತಿತ್ತು, ಬೆಳಕು ಎದುರಿನ ಗೋಡೆಯ ಮೇಲೆ ಅಲುಗದೆ ಬಿತ್ತು. ಜನ ಹೋ ಎಂದರು.

"ಮೂರನೆಯದು. ಪಕ್ಕದವನು ಕಣ್ಣು ಮಿಟುಕಿಸಿದರೆ ಇವನೂ ಮಂಕಾಗುತ್ತಾನೆ. ಕಳ್ಳ ಯಾರು?" ಅವಳು ಇಂಡಿಕೇಟರ್ ಹಾಕಿದಳು. ಅದು ಮಿಟುಕಿದಾಗಲೆಲ್ಲ ಹೆಡ್‌ಲೈಟು ಮಂಕಾಯಿತು.

ಇಂಡಿಕೇಟರೇ ಕಳ್ಳ, ಇನ್ಯಾರು? ಹಾಗಂದುಬಿಡೋಣ ಅನ್ನಿಸಿತು. ಆದರೆ ಅಷ್ಟು ಸುಲಭವಾದರೆ ಒಗಟು ಯಾಕೆ? ಅವನ ತಲೆ ಕಲಸಿಹೋಯಿತು. "ಅಮ್ಮಣ್ಣಿ, ದೀಪಕ್ಕೆ ಬಂದ ಕರೆಂಟು ಆಮೇಲೆ ಎಲ್ಲಿಗೆ ಹೋಗುತ್ತೆ?"

"ಬ್ಯಾಟರಿಗೇ ವಾಪಸ್ಸು. ಈ ಕಪ್ಪು ವೈರಿನಿಂದ ಚಾಸಿಗೆ, ಚಾಸಿಯಿಂದ ಮನೆಗೆ."

"ಇಂಡಿಕೇಟರಿನದ್ದು?"

"ಅದೂ ಇದೇ ದಾರಿ."

ಓಬಳ ವೈರಿನ ಜಾಡು ಹಿಡಿದು ಟ್ಯಾಂಕಿನ ಕೆಳಗೆ ಕೈಹಾಕಿದ. ಬೋಲ್ಟ್ ಬಿಗಿಯಾಗಿಯೇ ಇತ್ತು. ಬಿಚ್ಚಿದ. ವೈರಿಗೂ ಕಬ್ಬಿಣಕ್ಕೂ ನಡುವೆ ದಪ್ಪಗೆ, ಹೊಳೆಯುವ ಕೆಂಪು ಬಣ್ಣ. ಎರಡೂ ದೀಪಗಳ ಕರೆಂಟು ವಾಪಸ್ಸು ಹೋಗುವ ದಾರಿಯನ್ನು ಈ ಬಣ್ಣವೇ ಇಕ್ಕಟ್ಟು ಮಾಡಿದೆ ಎಂದು ಹೊಳೆಯಿತು. ಹೊಳೆದದ್ದೇ ಇನ್ನಷ್ಟು ಹೆದರಿಕೆಯಾಯಿತು. ಹಬ್ಬಕ್ಕೆಂದು ಗಾಡಿಗೆ ಬಣ್ಣ ಹೊಡೆಸಿದ್ದು ಯಾರು ಎಂದು ಊರಿಗೆಲ್ಲ ಗೊತ್ತಿತ್ತು. ಹೇಳಿದರೂ ತಲೆ ಹೋಗಬಹುದು, ಹೇಳದಿದ್ದರೂ ಹೋಗಬಹುದು.

"ಕಳ್ಳ ಬಣ್ಣ, ಬುದ್ಧಿ," ಎಂದು ಕಣ್ಣು ಮುಚ್ಚಿಕೊಂಡ.

ಬಣ್ಣ ಕೆರೆದು ಬೋಲ್ಟ್ ಹಾಕಿದರು. ಇಂಡಿಕೇಟರ್ ತನ್ನ ಪಾಡಿಗೆ ತಾನು ಮಿಟುಕಿತು. ಹೆಡ್‌ಲೈಟು ರೆಪ್ಪೆ ಅಲುಗಿಸಲಿಲ್ಲ.

ದೊರೆ ಗಾಡಿಯ ಕೆಂಪು ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದರು. "ಚಂದ ಕಾಣಲಿ ಎಂದು ನಾನೇ ಹೊಡೆಸಿದ್ದೆ," ಎಂದರು. "ಸೆರೆಯಲ್ಲಿರುವವರನ್ನು ಬಿಡಿ. ತಲೆದಂಡ ರದ್ದು."

ಆಮೇಲೆ ಓಬಳನ ಕಡೆ ತಿರುಗಿದರು. "ನಿನ್ನ ಉಡುಗೊರೆ ನಿನ್ನದು."

"ನಾನು ಪಂದ್ಯಕ್ಕೆ ಬಂದವನೇ ಅಲ್ಲ, ಬುದ್ಧಿ. ಬಾಯಿ ತಪ್ಪಿ ಕೇಳಿದೆ."

"ಬಂದವರೆಲ್ಲ ಹೇಳಿದರು. ಕೇಳಿದವನು ನೀನೊಬ್ಬನೇ," ಎಂದಳು ನೀಲಾಜಮ್ಮಣ್ಣಿ. "ನನಗೆ ಒಪ್ಪಿಗೆ. ನಿನಗೆ?"

ಓಬಳ ಹೌದೆಂದು ತಲೆಯಾಡಿಸಿದನೋ ನಡುಗಿದನೋ ಯಾರಿಗೂ ತಿಳಿಯಲಿಲ್ಲ. ದೊರೆ ಒಪ್ಪಿಗೆಯೆಂದೇ ತಿಳಿದು ಸೀಮೆಯ ನಕ್ಷೆ ತರಿಸಿ ಹಾಸಿದರು. "ಹೊಳೆಯ ಆಚೆಯ ಅರ್ಧವೋ, ಈಚೆಯ ಅರ್ಧವೋ? ಯಾವುದು ಬೇಕು?"

ಓಬಳ ನಕ್ಷೆಯನ್ನು ಮೇಲಿಂದ ಕೆಳಗೆ ನೋಡಿದ. ಅವನಿಗೆ ಹೊಳೆ ಯಾವುದು, ದಾರಿ ಯಾವುದು ಒಂದೂ ಗೊತ್ತಾಗಲಿಲ್ಲ.

"ಅಮ್ಮಣ್ಣಿಯವರು ಯಾವ ಅರ್ಧದಲ್ಲಿ ಇರುತ್ತಾರೋ ಅದು, ಬುದ್ಧಿ."

ಅದೇ ವಾರ ಮದುವೆಯಾಯಿತು. ಅವರು ಹೊಳೆಯ ಆಚೆ ಮನೆ ಕಟ್ಟಿಕೊಂಡು ತುಂಬಿದ ಮನೆಯಾಗಿ ಬಾಳಿದರು.