ಒಂದೇ ಮಟ್ಟದ ನೀರು

ಒಂದು ಕಾಡಿನಲ್ಲಿ ನಡುಬೇಸಿಗೆಯಲ್ಲಿ ಒಂದು ವ್ಯವಹಾರ ಕುದುರಿತು. ಸಿಗುವುದು ದಿನಕ್ಕೊಂದು ಸೋರೆಬುರುಡೆ ನೀರು. ಹುಲಿಗೂ ಅಷ್ಟೇ, ಇಲಿಗೂ ಅಷ್ಟೇ. ಅದಕ್ಕೆ ಬೆಲೆಯಾಗಿ ಕುಡಿಯುವವರು ಕೊಡಬೇಕಾದದ್ದು ತಮ್ಮ ಇಷ್ಟ. ಯಾವಾಗ ಬರಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ಕುಡಿಯಬೇಕು ಎಂಬುದನ್ನು ಇನ್ನು ಅವರು ಹೇಳುವ ಹಾಗಿಲ್ಲ.

ಕುದುರಿಸಿದವನೂ ನೀರು ಅಳೆದು ಕೊಡುವವನೂ ನರಿಯಪ್ಪ. ಹೊಳೆ ಬತ್ತಿ ಬರೀ ಮರಳಾಗಿತ್ತು. ಬಂಡೆಯ ಬುಡದಲ್ಲಿ ಒಂದು ಮಡು ಮಾತ್ರ ಉಳಿದಿತ್ತು. ಅಲ್ಲಿ ಮೊದಲು ಹುಲಿಯಪ್ಪ, ಆಮೇಲೆ ಆನೆಗಳು, ಆಮೇಲೆ ಕಾಡುಕೋಣಗಳು. ಸಾಲಿನ ಕಟ್ಟಕಡೆಗೆ ಮುಳ್ಳುಹಂದಿ ಮುಳ್ಳಕ್ಕ. ಅವಳ ಪಾಲಿಗೆ ಬರುತ್ತಿದ್ದದ್ದು ಕೆಸರು. ಬಿಲದಲ್ಲಿ ಹಾಲು ಕುಡಿಯುವ ಎರಡು ಮರಿಗಳಿದ್ದವು. ತಾಯಿಗೆ ನೀರಿಲ್ಲದಿದ್ದರೆ ಅವಕ್ಕೆ ಹಾಲಿಲ್ಲ. ಹಾಗಾಗಿ "ಇನ್ನು ಮೇಲು ಕೀಳು ಇಲ್ಲ" ಎಂದು ನರಿಯಪ್ಪ ಸಾರಿದಾಗ ಮೊದಲು ತಲೆಯಾಡಿಸಿದವಳು ಅವಳೇ. ಇಡೀ ಕಾಡು ಒಂದು ಕಡೆ ನಿಂತ ಮೇಲೆ ಹುಲಿಯಪ್ಪನೂ ಒಪ್ಪಿದ.

ಮೊದಲ ದಿನ ಮುಳ್ಳಕ್ಕ ಬೆರಗಾದಳು. ಹುಲಿಯಪ್ಪ ಅವಳ ಹಿಂದೆ ನಿಂತು ಸರದಿ ಕಾಯುತ್ತಿದ್ದ. ಇಂಥದ್ದನ್ನು ಅವಳ ಅಜ್ಜಿಯೂ ಕಂಡಿರಲಿಲ್ಲ.

ಎಂಟು ದಿನ ಕಳೆಯಿತು. ಎಲ್ಲರೂ ನಡುಹಗಲಿಗೇ ಬರಬೇಕಿತ್ತು. ಬಿಸಿಲಿಗೆ ಕಣ್ಣು ಕುಕ್ಕಿ ಗೂಬೆ ಮರಕ್ಕೆ ಡಿಕ್ಕಿ ಹೊಡೆಯಿತು. ಒಂದು ಬುರುಡೆ ನೀರು ಆನೆಯಜ್ಜಿಯ ಸೊಂಡಿಲಿನ ತುದಿಗೂ ಸಾಲಲಿಲ್ಲ. ಇಲಿ ಮಾತ್ರ ಬುರುಡೆ ಪೂರ್ತಿ ಮುಗಿಸಲೇಬೇಕಾಗಿ ಹೊಟ್ಟೆ ಉಬ್ಬಿ ಕೂತಿತ್ತು. ಮುಳ್ಳಕ್ಕ ಮರಿಗಳನ್ನು ಒಂಟಿಯಾಗಿ ಬಿಟ್ಟು ಸುಡುಬಿಸಿಲಿನಲ್ಲಿ ನಿಲ್ಲುತ್ತಿದ್ದಳು. ಉಳಿದೆಲ್ಲರ ನಾಲಿಗೆಯೂ ಒಣಗಿತ್ತು.

"ನರಿಯಪ್ಪ, ನಿಮ್ಮ ಬಾಲದಿಂದ ನೀರು ತೊಟ್ಟಿಕ್ಕುತ್ತಿದೆಯಲ್ಲ" ಎಂದಳು ಮುಳ್ಳಕ್ಕ.

"ಅಳೆಯುವವನಿಗೆ ತಂಪು ಬೇಡವೇ? ತಲೆ ಬಿಸಿಯಾದರೆ ಅಳತೆ ತಪ್ಪುತ್ತದೆ."

"ನಾನು ಸಂಜೆ ಬಂದು ಕುಡಿಯಲೇ? ಮನೆಯಲ್ಲಿ ಮರಿಗಳಿವೆ."

"ನಿನಗೆ ಸಂಜೆ, ಗೂಬೆಗೆ ಕತ್ತಲಾದ ಮೇಲೆ, ಹುಲಿಯಪ್ಪನಿಗೆ ಬೇಕೆನಿಸಿದಾಗ. ಆಮೇಲೆ ಮತ್ತೆ ಅದೇ ಮೇಲು ಕೀಳು. ಸರಿಸಮ ಬೇಕೋ, ಇಷ್ಟ ಬೇಕೋ ಹೇಳು ಮುಳ್ಳಕ್ಕ. ಎರಡೂ ಒಂದೇ ಅಂಗಡಿಯಲ್ಲಿ ಸಿಗುವ ಸರಕಲ್ಲ."

ಮುಳ್ಳಕ್ಕ ತನ್ನ ಬುರುಡೆ ನೀರು ಕುಡಿದು ಮರಿಗಳ ಬಳಿಗೆ ಓಡಿದಳು.

ಅಂದು ಸಂಜೆ ಅವಳು ಗೆಡ್ಡೆ ಹುಡುಕುತ್ತಾ ಹೊಳೆಯ ಮರಳಿಗೆ ಇಳಿದಳು. ಅಗೆಯುತ್ತಿದ್ದಂತೆ ಕಾಲು ಒದ್ದೆಯಾಯಿತು. ನೋಡನೋಡುತ್ತಲೇ ಗುಂಡಿಯಲ್ಲಿ ತಿಳಿನೀರು ಒಸರಿತು. ಅವಳು ಯಾರಿಗೂ ಹೇಳಲಿಲ್ಲ. ಒಂದು ಗುಂಡಿಯನ್ನು ನಂಬಿ ಮಾತಾಡಬಾರದೆಂದು ಹತ್ತು ಹೆಜ್ಜೆ ಆಚೆ ಇನ್ನೊಂದು ಅಗೆದಳು. ಅಲ್ಲಿಯೂ ನೀರು.

ಮರುದಿನ ಅವಳು ಸಾಲಿನಲ್ಲಿ ನಿಲ್ಲಲಿಲ್ಲ. "ನರಿಯಪ್ಪ, ನನ್ನ ಬುರುಡೆ ನೀರು ನಿಮಗೇ ಇರಲಿ. ನನ್ನ ಇಷ್ಟ ವಾಪಸು ಕೊಡಿ."

ನರಿಯಪ್ಪ ನಕ್ಕ. "ಧಾರಾಳವಾಗಿ ತಗೋ. ಇದೇ ಹುಚ್ಚು ಇನ್ಯಾರಿಗಾದರೂ ಇದ್ದರೆ ಅವರೂ ಹೋಗಲಿ. ಹೋದವರ ಮೇಲೆ ನನಗೆ ಹಕ್ಕಿಲ್ಲ, ಮಡುವಿನ ಮೇಲೆ ಅವರಿಗೆ ಹಕ್ಕಿಲ್ಲ. ಎಲ್ಲರೂ ಕೇಳಿಸಿಕೊಂಡಿರಾ?"

"ಕೇಳಿಸಿತು" ಎಂದಿತು ಸಾಲು.

"ಅಷ್ಟು ಮಾತು ಸಾಕು" ಎಂದು ಮುಳ್ಳಕ್ಕ ಮರಳಿಗೆ ಇಳಿದು, ಎಲ್ಲರ ಕಣ್ಣೆದುರೇ ಅಗೆದು ಕುಡಿದಳು.

ಆನೆಯಜ್ಜಿ ಹಿಂದೆಯೇ ಬಂದು ಮುಂಗಾಲಿನಿಂದ ಮರಳು ಕೆದರಿದಳು. ಕೆರೆಯಂಥ ಗುಂಡಿಯಾಯಿತು. ಹಂದಿ ಬಂತು, ಇಲಿ ಬಂತು. ಹುಲಿಯಪ್ಪನೂ ಬಂದು "ಮೊದಲು ನಾನು" ಎಂದ.

"ಸಾಲೇ ಇಲ್ಲದ ಮೇಲೆ ಮೊದಲು ಯಾರು, ಕೊನೆ ಯಾರು ಒಡೆಯಾ? ಹೊಳೆಯುದ್ದಕ್ಕೂ ಮರಳಿದೆ" ಎಂದಳು ಮುಳ್ಳಕ್ಕ. ಹುಲಿಯಪ್ಪ ಆ ಕಡೆ ನೋಡಿದ, ಈ ಕಡೆ ನೋಡಿದ. ಆಮೇಲೆ ಸುಮ್ಮನೆ ಅಗೆಯತೊಡಗಿದ.

"ನನ್ನಂಥ ಅಗೆಯಲಾರದವರು ಏನು ಮಾಡಬೇಕು?" ಎಂದು ಗೂಬೆ ಕೇಳಿತು.

"ಆನೆಯಜ್ಜಿ ಕುಡಿದಾದ ಮೇಲೆ ಗುಂಡಿಯನ್ನು ಹೊತ್ತುಕೊಂಡು ಹೋಗುತ್ತಾಳೆಯೇ? ಕುಡಿದು ಎದ್ದವರ ಗುಂಡಿ ಎಲ್ಲರದ್ದು. ಕಟ್ಟಳೆ ಇದೊಂದೇ" ಎಂದಳು ಮುಳ್ಳಕ್ಕ.

"ಅಷ್ಟಾದರೆ ಆಗಲಿ" ಎಂದಳು ಆನೆಯಜ್ಜಿ. ಅವಳು ಒಪ್ಪಿದ ಮೇಲೆ ಬೇರೆಯವರು ತಕರಾರು ಮಾಡಲಿಲ್ಲ.

ಹೊತ್ತು ಮುಳುಗುವಾಗ ಮುಳ್ಳಕ್ಕ ಮರಿಗಳೊಂದಿಗೆ ದಡ ಹತ್ತಿ ತಿರುಗಿ ನೋಡಿದಳು. ನಿಂತಲ್ಲೇ ನಿಂತಳು. ಮರಳಿನ ತುಂಬ ಗುಂಡಿಗಳು. ಆನೆಯದು ಒಕ್ಕಣೆಯ ಕಣದಷ್ಟು, ಇಲಿಯದು ಬೊಗಸೆಗೂ ಚಿಕ್ಕದು. ಒಂದು ಉದ್ದ, ಒಂದು ಸೊಟ್ಟ, ಅವರವರ ಇಷ್ಟದ ಹಾಗೆ. ಆದರೆ ನೀರು ಎಲ್ಲದರಲ್ಲೂ ಒಂದೇ ಮಟ್ಟಕ್ಕೆ ನಿಂತಿತ್ತು. ಒಂದು ಕೂದಲೆಳೆಯ ಹೆಚ್ಚು ಕಡಿಮೆ ಇಲ್ಲ. ಅಷ್ಟೂ ಗುಂಡಿಗಳಲ್ಲಿ ಅದೇ ಕೆಂಪು ಆಕಾಶ.

"ಯಾರಮ್ಮ ಅಳೆದದ್ದು?" ಎಂದು ಮರಿ ಕೇಳಿತು.

ಸದಾ ನಿಗುರಿರುತ್ತಿದ್ದ ಮುಳ್ಳಕ್ಕನ ಮುಳ್ಳುಗಳು ತಾವಾಗಿಯೇ ಮಲಗಿದವು.

ಅತ್ತ ಕೆಲವೇ ದಿನಗಳಲ್ಲಿ ಮಡು ಬಿಸಿಲಿಗೆ ಪಾಚಿ ಕಟ್ಟಿ ನಾರಿತು. ನರಿಯಪ್ಪ ಬುರುಡೆ ಹಿಡಿದು ಮರಳಿಗೆ ಬಂದ. "ಗುಂಡಿಗಳಿಗೂ ಒಬ್ಬ ಅಳೆಯುವವನು ಬೇಡವೇ?"

"ಬುರುಡೆ ಕೆಳಗಿಡಿ ನರಿಯಪ್ಪ. ಇಲ್ಲಿ ಉಗುರು ಬೇಕು" ಎಂದಿತು ಇಲಿ.

ಆ ಬೇಸಿಗೆಯಲ್ಲಿ ನರಿಯಪ್ಪ ಮೊದಲ ಸಲ ಅಗೆದ. ಉಗುರು ಸವೆಯಿತು. ನೀರು ಅವನಿಗೂ ಬಂತು, ಅದೇ ಮಟ್ಟಕ್ಕೆ.

ಮೊದಲ ಮಳೆ ಬಿದ್ದಾಗ ಮುಳ್ಳಕ್ಕ ಹೋದದ್ದನ್ನೂ ಬಂದದ್ದನ್ನೂ ತೂಗಿ ನೋಡಿದಳು. ಕೊಟ್ಟದ್ದು ದಿನಕ್ಕೊಂದು ಬುರುಡೆ ನೀರು. ಬಂದದ್ದು ಒಂದು ಹೊಳೆ, ತನ್ನ ಸಂಜೆಗಳು, ಮೈತುಂಬಿಕೊಂಡ ಎರಡು ಮರಿಗಳು.

ನೀತಿ: ನೀರಿನ ಹಕ್ಕು ಎಲ್ಲರಿಗೂ ಒಂದೇ ಇರಲಿ, ಕುಡಿಯುವ ಬಗೆ ಅವರವರಿಗೆ ಬಿಟ್ಟಿರಲಿ; ಸಮಾನತೆ, ಸ್ವಾತಂತ್ರ್ಯ ಇವೆರಡರಲ್ಲಿ ಒಂದನ್ನೇ ಆರಿಸಿಕೋ ಎನ್ನುವವನ ಬಾಲ ಒದ್ದೆಯಾಗಿದೆಯೇ ಎಂದು ಮೊದಲು ನೋಡಬೇಕು.