ಪಂಡಿತರು ಒಪ್ಪಿಸಿದ ಪ್ರಶ್ನೆ

ಓಲೆಪಟ್ಟಣ ಅಂತ ಒಂದು ಊರು. ಅಲ್ಲಿಯ ವಿದ್ಯಾಗುಡಿಯಲ್ಲಿ ವಿಗ್ರಹವಿಲ್ಲ, ಗರ್ಭಗುಡಿಯ ತುಂಬ ತಾಳೆಗರಿಯ ಕಟ್ಟುಗಳು. ಒಳಗೆ ಹೋಗುವವರು ಹೂವು ಹಣ್ಣಿನ ಬದಲು ತಮಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಒಪ್ಪಿಸಬೇಕು. ಬಾಗಿಲು ಕಾಯುವ ನಿಂಗಮ್ಮ ಅದನ್ನು ಗರಿಯ ಮೇಲೆ ಬರೆದುಕೊಟ್ಟರೆ, ಒಳಗಿನ ಹಿರಿಯರು ಉತ್ತರ ಹೇಳುತ್ತಾರೆ.

ಒಂದು ಬೆಳಿಗ್ಗೆ ಆಸ್ಥಾನದ ಮಹಾಪಂಡಿತ ಧರಣೇಂದ್ರಯ್ಯನವರು ಪಲ್ಲಕ್ಕಿ ಇಳಿದು ಬಂದರು.

"ನನಗೆ ಗೊತ್ತಿಲ್ಲದ್ದು ಈ ಲೋಕದಲ್ಲಿ ಯಾವುದಿದೆಯೇ? ಸುಮ್ಮನೆ ಬಾಗಿಲು ತೆಗಿ. ಇಲ್ಲದಿದ್ದರೆ ಸಂಜೆಯೊಳಗೆ ನಿನ್ನನ್ನು ಕೆಲಸದಿಂದ ತೆಗೆಸುತ್ತೇನೆ!" ಎಂದು ಗುಡುಗಿ, ಕಂಬಕ್ಕೆ ಒರಗಿ ನಿಂತರು.

ಪ್ರಶ್ನೆಯಿಲ್ಲದೆ ಬಿಟ್ಟರೂ ಕೆಲಸ ಹೋಗುತ್ತದೆ, ಬಿಡದಿದ್ದರೂ ಹೋಗುತ್ತದೆ. ನಿಂಗಮ್ಮ ಕೈಯಲ್ಲಿದ್ದ ಕುಂಚ ಕೆಳಗಿಟ್ಟಳು.

"ತಮಗೆ ಎಲ್ಲಾ ಗೊತ್ತು ಬುದ್ಧಿ. ಬೆನ್ನ ಮೇಲಿರೋದೂ ಗೊತ್ತೇ ಇರುತ್ತೆ. ನಾನ್ಯಾಕೆ ಹೇಳಲಿ?"

ಪಂಡಿತರು ಎಡಕ್ಕೆ ತಿರುಗಿದರು. ಬಲಕ್ಕೆ ತಿರುಗಿದರು. ಕತ್ತು ಉಳುಕುವಷ್ಟು ಹೊರಳಿಸಿದರೂ ಏನೂ ಕಾಣಲಿಲ್ಲ. ಪಲ್ಲಕ್ಕಿ ಹೊತ್ತವರು ಆ ಕಡೆ ಮುಖ ಮಾಡಿ ಕಿಸಕ್ಕನೆ ನಕ್ಕರು.

"ಏನೇ ಅದು? ನನ್ನ ಬೆನ್ನ ಮೇಲೆ ಏನಿದೆ?"

ನಿಂಗಮ್ಮ ಅದನ್ನೇ ಗರಿಯ ಮೇಲೆ ದುಂಡಗೆ ಬರೆದು, ಬಾಗಿಲು ತೆಗೆದಳು. "ದಯಮಾಡಿಸಿ ಬುದ್ಧಿ. ಉತ್ತರ ಒಳಗೆ ಹೇಳ್ತಾರೆ."

ಒಳಗೆ ಏಳು ಜನ ಹಿರಿಯರು ಪ್ರಶ್ನೆಯನ್ನು ಗಟ್ಟಿಯಾಗಿ ಓದಿದರು. ಎದ್ದು ಸಾಲಾಗಿ ಪಂಡಿತರ ಬೆನ್ನ ಹಿಂದೆ ಹೋಗಿ, ಬಹಳ ಹೊತ್ತು ಪರಿಶೀಲಿಸಿದರು. ಆಮೇಲೆ ಒಕ್ಕೊರಲಿನಿಂದ ಹೇಳಿದರು: "ಸುಣ್ಣ."

ಹೊರಗೆ ನಿಂಗಮ್ಮ, ಪಂಡಿತರು ಒರಗಿದ್ದ ಜಾಗಕ್ಕೆ ಇನ್ನೊಂದು ಕೈ ಬಳಿಯುತ್ತಿದ್ದಳು.