ಮುಚ್ಚಿದ ಬಿಲ ಕಿತ್ತ ಏಡಿ

ಮಕ್ಕಳೇ, ಕಾಡಿನ ನಡುವೆ ಒಂದು ಕೆರೆ ಇತ್ತು. ಸಣ್ಣದು. ಮಣ್ಣಿನ ಏರಿ ಇದ್ದುದರಿಂದ ನೀರು ನಿಂತಿತ್ತು. ಆ ಏರಿ ಕಾಯುವುದು ಕೆರೆಯ ಯಜಮಾನನ ಕೆಲಸ. ಹೋದ ವರ್ಷ ಹೆಗ್ಗಣ ಯಜಮಾನ. ಈ ವರ್ಷ ಏಡಿ.

ಏಡಿ ಏರಿಯಲ್ಲೇ ಬಿಲ ತೋಡಿತು. ತನಗೆ ತಂಪಾಗಿರಲಿ ಅಂತ. ನೀರು ಆಚೆ ಸೋರತೊಡಗಿತು.

ದಡದ ಜೊಂಡಿನಲ್ಲಿ ಗೆಂಡೆಮೀನು ಮೊಟ್ಟೆ ಇಟ್ಟಿತ್ತು. ನೀರು ಇಳಿದರೆ ಮೊಟ್ಟೆ ಒಣಗುತ್ತವೆ. ಅದು ಬಂದು ಹೇಳಿತು, "ಏಡಣ್ಣ, ನಿನ್ನ ಬಿಲ ಸೋರ್ತಾ ಇದೆ. ಒಂದು ಮುದ್ದೆ ಮಣ್ಣು ಮೆತ್ತು."

"ಹೋದ ವರ್ಷ ಹೆಗ್ಗಣ ಇದೇ ಏರಿಯಲ್ಲಿ ಬಿಲ ತೋಡಿದಾಗ ಎಲ್ಲಿದ್ದೆ ನೀನು?" ಅಂದಿತು ಏಡಿ.

"ಆಗ ನಾನು ಹುಟ್ಟಿರಲಿಲ್ಲ."

"ಕೇಳಿದಿರಾ? ಆಗ ಹುಟ್ಟದೇ ಇದ್ದವಳು ಈಗ ಕೇಳೋಕೆ ಬಂದಿದ್ದಾಳೆ!"

ಸುತ್ತ ಕೂತಿದ್ದ ಕಪ್ಪೆಗಳು "ಹೌದು, ಹೌದು" ಅಂದವು. ಹೋದ ವರ್ಷ ಹೆಗ್ಗಣನಿಗೂ ಹಾಗೇ ಅಂದಿದ್ದವು.

ಮುದಿ ಆಮೆ ಚಿಪ್ಪಿನಿಂದ ತಲೆ ಹೊರಗೆ ಹಾಕಿತು. "ಹೆಗ್ಗಣನ ಬಿಲ ಮುಚ್ಚಿದೆಯಪ್ಪ. ನನ್ನ ಹೆಂಡತಿ ಮುಚ್ಚಿದ್ದು. ಈಗ ಸೋರ್ತಿರೋದು ನಿನ್ನದು."

ಆ ಹೆಂಡತಿ ಈ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಅವಳು ಮೆತ್ತಿದ ಮಣ್ಣಿನ ಮೇಲೆ ಕಾಲಿನ ಗುರುತು ಇನ್ನೂ ಇತ್ತು.

"ಓಹೋ, ನೀನು ಹೆಗ್ಗಣನ ಕಡೆಯವನು!" ಅಂದಿತು ಏಡಿ. "ಅವನ ಬಿಲ ಎಷ್ಟು ದೊಡ್ಡದಿತ್ತು ಅಂತ ಎಲ್ಲರಿಗೂ ತೋರಿಸ್ತೀನಿ. ನನ್ನದರ ಮಾತು ಆಮೇಲೆ."

"ಬೇಡ ಕಣಪ್ಪ. ಅದನ್ನು ಮುಟ್ಟಬೇಡ."

ಏಡಿ ತನ್ನ ಇಕ್ಕಳದಂಥ ಕೊಂಡಿ ಹಾಕಿ ಆ ಮಣ್ಣು ಕಿತ್ತಿತು. ಬಿಲ ತೆರೆದುಕೊಂಡಿತು.

"ನೋಡಿ! ನನ್ನದಕ್ಕಿಂತ ದೊಡ್ಡದು!"

ನಿಜ, ದೊಡ್ಡದೇ ಇತ್ತು. ನೀರು ಭೋರೆಂದು ನುಗ್ಗಿತು. ಏಡಿಯೂ ಅದರ ಜೊತೆಗೆ ಕೊಚ್ಚಿಹೋಗಿ ಏರಿಯ ಆಚೆ ಬಿತ್ತು.

ಆಚೆ ಕೊಕ್ಕರೆ ನಿಂತಿತ್ತು. ಏಡಿಯನ್ನು ಕಚ್ಚಿ ಎತ್ತಿತು.

"ನನ್ನನ್ನು ಯಾಕೆ ತಿಂತೀಯ?" ಅಂತ ಕೂಗಿತು ಏಡಿ. "ಹಾವು ಕಪ್ಪೆ ತಿನ್ನಲ್ವಾ?"

ಕೊಕ್ಕರೆ ಅದನ್ನು ನೆಲಕ್ಕಿಟ್ಟು, ಕಾಲಲ್ಲಿ ಒತ್ತಿ ಹಿಡಿದು, "ತಿನ್ನುತ್ತೆ" ಅಂದಿತು. ಆಮೇಲೆ ನುಂಗಿತು.

ಈಚೆ ಆಮೆ ನಿಧಾನವಾಗಿ ನಡೆದು, ಹೆಂಡತಿ ಮುಚ್ಚಿದ್ದ ಬಿಲಕ್ಕೆ ಬೆನ್ನು ಕೊಟ್ಟು ಕೂತಿತು. ಆ ಬಿಲದ ನೀರು ನಿಂತಿತು. ಅಷ್ಟು ಹೊತ್ತಿಗೆ ಗೆಂಡೆಯ ಮೊಟ್ಟೆಗಳಲ್ಲಿ ಅರ್ಧ ಒಣಗಿದ್ದವು.

ಕಪ್ಪೆಗಳು ಹೋಗಿ ಏಡಿಯ ಬಿಲಕ್ಕೆ ಮಣ್ಣು ಮೆತ್ತಿದವು. ಒಂದೇ ಮುದ್ದೆ ಸಾಕಾಯಿತು.

ನೀತಿ: ನಮ್ಮ ತಪ್ಪು ಹೇಳಿದವರಿಗೆ ಇನ್ನೊಬ್ಬರ ತಪ್ಪು ತೋರಿಸಿದರೆ ನಮ್ಮದು ಸರಿಹೋಗುವುದಿಲ್ಲ, ಮೊದಲು ನಮ್ಮ ಬಿಲ ಮುಚ್ಚಬೇಕು.